ಬಾವುಟ ಬೀಸಿದ ಬೆಟ್ಟಗಳು

ಬೆಟ್ಟಗಳಿಗೆ ಹೆಸರು ಬರುವ ಬಗೆಗಳು ಹಲವು. ಶಿಖರದಲ್ಲಿ ನೆಲೆಸಿದ ದೈವದಿಂದ ಚಾಮುಂಡಿ ಬೆಟ್ಟಕ್ಕೆ ಹೆಸರು ಬಂದಿತು. ತಪಸ್ಸನ್ನಾಚರಿಸಿದ ಸಾಧಕನಿಂದ ಮುಳ್ಳಯ್ಯನಗಿರಿಗೆ ಹೆಸರು ಬಂದಿತು. ಬಂಡೆಯ ಬಿಳುಪಿನಿಂದ ಬಿಳಿಗಿರಿಗೆ ಹೆಸರು ಬಂದಿತು. ಆದರೆ ಮನುಷ್ಯನಂತೆಯೇ ತಾನು ಮಾಡಿದ ಕೆಲಸದಿಂದ ಹೆಸರು ಪಡೆದ ಬೆಟ್ಟಗಳೂ ಲೋಕದಲ್ಲಿವೆ. ಒಂದೂರಿನ ಸುದ್ದಿಯನ್ನು ಕಣ್ಣಿಗೆ ಕಾಣುವ ಸಂಕೇತದಿಂದ ಇನ್ನೊಂದೂರಿಗೆ ದಾಟಿಸುವುದು ಅವುಗಳ ಕೆಲಸವಾಗಿತ್ತು. ಕೆಲಸ ನಿಂತು ಎಷ್ಟೋ ಕಾಲವಾಗಿದ್ದರೂ ಹೆಸರು ಉಳಿದಿದೆ. ಅಂಥ ಬೆಟ್ಟಗಳಲ್ಲಿ ಅತ್ಯಂತ ಕುತೂಹಲಕರವಾದವು ಜಪಾನ್ ದೇಶದ ‘ಹತಾಫುರಿ-ಯಾಮಾ’ಗಳು. ‘ಹತಾ’ ಎಂದರೆ ಬಾವುಟ, ‘ಫುರಿ’ ಎಂದರೆ ಬೀಸುವಿಕೆ, ‘ಯಾಮಾ’ ಎಂದರೆ ಬೆಟ್ಟ. ಈ ಬಾವುಟ ಬೀಸುವ ಬೆಟ್ಟಗಳು ಸಾರಿದ ಸುದ್ದಿ ಯುದ್ಧದ್ದಲ್ಲ, ರಾಜಾಜ್ಞೆಯದ್ದಲ್ಲ. ಅದು ಅಕ್ಕಿಯ ಧಾರಣೆಯ ಸುದ್ದಿ ಎಂಬುದೇ ಇಲ್ಲಿನ ವಿಶೇಷ.

ಬೆಂಕಿಯ ಬೆಟ್ಟಗಳು

ಬೆಟ್ಟದ ಮೇಲಿನ ಸಂಕೇತಗಳಲ್ಲಿ ಬೆಂಕಿಯೇ ಹಿರಿಯದು. ಹಗಲಿನಲ್ಲಿ ಹೊಗೆ, ಇರುಳಿನಲ್ಲಿ ಉರಿ. ಇಷ್ಟೇ ಅದರ ಭಾಷೆ. ಕ್ರಿ.ಶ. 663ರಲ್ಲಿ ಕೊರಿಯಾದ ಕಡಲತೀರದ ಕದನದಲ್ಲಿ ಸೋತ ಜಪಾನಿನ ಅರಸೊತ್ತಿಗೆಯು, ಶತ್ರುಗಳು ತನ್ನ ನೆಲಕ್ಕೇ ಬಂದಾರೆಂಬ ಭೀತಿಯಿಂದ ಮರುವರ್ಷವೇ ತ್ಸುಷಿಮಾ ಮತ್ತು ಇಕಿ ದ್ವೀಪಗಳಲ್ಲಿಯೂ ಕ್ಯೂಷೂವಿನ ಉತ್ತರ ತೀರದಲ್ಲಿಯೂ ಬೆಂಕಿಯ ಸಂಕೇತದ ನೆಲೆಗಳನ್ನು ಏರ್ಪಡಿಸಿತು. ಇಂಥ ಸಂಕೇತದ ಹೊಗೆಗೆ ಜಪಾನೀ ಭಾಷೆಯಲ್ಲಿ ‘ನೊರೊಶಿ’ ಎಂದು ಹೆಸರು. ಅದನ್ನು ಬರೆಯುವ ಎರಡು ಚೀನೀ ಅಕ್ಷರಗಳ ಅರ್ಥ ‘ತೋಳದ ಹೊಗೆ’ ಎಂದು. ಪ್ರಾಚೀನ ಚೀನಾದಲ್ಲಿ ತೋಳದ ಲದ್ದಿಯನ್ನು ಉರಿಸಿ ಹೊಗೆಯೆಬ್ಬಿಸುತ್ತಿದ್ದರೆಂಬ ನಂಬಿಕೆ ಈ ಬರಹದ ಹಿಂದಿದೆ.

ನೆರೆಯ ಕೊರಿಯಾದಲ್ಲಿ ಈ ವ್ಯವಸ್ಥೆ ಇನ್ನಷ್ಟು ಪರಿಷ್ಕಾರ ಹೊಂದಿತ್ತು. ಗಡಿಯಿಂದ ಹೊರಟ ಬೆಂಕಿಯ ಸುದ್ದಿ ಬೆಟ್ಟದಿಂದ ಬೆಟ್ಟಕ್ಕೆ ಹಾಯ್ದು, ಕೊನೆಗೆ ರಾಜಧಾನಿಯಾದ ಇಂದಿನ ಸೋಲ್ ನಗರದ ನಾಮ್‌ಸಾನ್ ಬೆಟ್ಟವನ್ನು ಮುಟ್ಟುತ್ತಿತ್ತು. ಒಂದೇ ಉರಿ ಕಂಡರೆ ನಾಡು ಕ್ಷೇಮ. ಎರಡು ಕಂಡರೆ ಶತ್ರು ಗೋಚರಿಸಿದ್ದಾನೆ. ಮೂರಾದರೆ ಗಡಿಗೆ ಸಮೀಪಿಸಿದ್ದಾನೆ. ನಾಲ್ಕಾದರೆ ಗಡಿಯನ್ನು ದಾಟಿದ್ದಾನೆ. ಐದೂ ಉರಿದರೆ ಕಾಳಗ ಆರಂಭವಾಗಿದೆ. ಶತ್ರು ಬಾರದ ದಿನವೂ ಒಂದು ಬೆಂಕಿಯನ್ನು ಹಚ್ಚಲೇಬೇಕಾಗಿತ್ತು ಎಂಬುದು ಗಮನಾರ್ಹ. ಕಾವಲುಗಾರ ಎಚ್ಚರವಾಗಿದ್ದಾನೆ ಎಂಬುದೇ ಆ ನಿತ್ಯದ ಬೆಂಕಿಯ ಅರ್ಥ. ಕೊರಿಯಾದಲ್ಲಿ ‘ಬೊಂಗ್‌ಹ್ವಾಸಾನ್’, ಅಂದರೆ ಸಂಕೇತದ ಬೆಂಕಿಯ ಬೆಟ್ಟ ಎಂಬ ಹೆಸರಿನ ಶಿಖರಗಳು ಇಂದಿಗೂ ಅನೇಕ.

ಇಂಗ್ಲೆಂಡಿನಲ್ಲಿಯೂ ಇದೇ ಬಗೆ. 1588ರಲ್ಲಿ ಸ್ಪೇನಿನ ನೌಕಾಪಡೆ ದಂಡೆತ್ತಿ ಬಂದಾಗ ತೀರದ ಗುಡ್ಡಗಳಿಂದ ಒಳನಾಡಿನ ಗುಡ್ಡಗಳಿಗೆ ಬೆಂಕಿಯ ಸುದ್ದಿ ಹಬ್ಬಿತು. ಅಂಥ ಬೆಂಕಿಗೆ ಆ ಭಾಷೆಯಲ್ಲಿ ‘ಬೀಕನ್’ ಎಂದು ಹೆಸರು. ಮಾಲ್ವರ್ನ್ ಗುಡ್ಡಗಳ ಸಾಲಿನಲ್ಲಿ ಅತ್ಯುನ್ನತವಾದ, 425 ಮೀಟರ್ ಎತ್ತರದ ವೂಸ್ಟರ್‌ಶೈರ್ ಬೀಕನ್, ಎಕ್ಸ್‌ಮೂರ್ ಪ್ರದೇಶದ 519 ಮೀಟರ್ ಎತ್ತರದ ಡಂಕರಿ ಬೀಕನ್ ಮೊದಲಾದವು ಆ ಪದವನ್ನು ಹೆಸರಿನಲ್ಲಿಯೇ ಹೊತ್ತಿವೆ. ವೇಲ್ಸ್ ಪ್ರಾಂತದ ಬ್ರೆಕನ್ ಬೀಕನ್ಸ್ ಪರ್ವತಶ್ರೇಣಿಯ ರಾಷ್ಟ್ರೀಯ ಉದ್ಯಾನವು ಮಾತ್ರ 2023ರಲ್ಲಿ ಆ ಇಂಗ್ಲಿಷ್ ಹೆಸರನ್ನು ಬಿಟ್ಟು, ‘ಬನ್ನೈ ಬ್ರಖೈನಿಯೋಗ್’ ಎಂಬ ಹಳೆಯ ವೆಲ್ಷ್ ಹೆಸರಿಗೆ ಮರಳಿತು.

ಬೆಂಕಿಯ ಸಂಕೇತಕ್ಕೆ ಒಂದು ಮಿತಿಯುಂಟು. ಮೊದಲೇ ಗೊತ್ತುಮಾಡಿಕೊಂಡ ನಾಲ್ಕೈದು ಸಂಗತಿಗಳಲ್ಲಿ ಯಾವುದು ನಡೆದಿದೆ ಎಂಬುದನ್ನಷ್ಟೇ ಅದು ಹೇಳಬಲ್ಲುದು. ದಿನದಿನಕ್ಕೂ ಬದಲಾಗುವ, ಮುಂಚಿತವಾಗಿ ಯಾರೂ ಊಹಿಸಲಾಗದ ಒಂದು ಅಂಕಿಯನ್ನು ಹೇಳಬೇಕಾದರೆ ಬೆಂಕಿ ಸಾಲದು. ಜಪಾನಿನ ವರ್ತಕರಿಗೆ ಬೇಕಾದದ್ದು ಅಂಥ ಅಂಕಿಯೇ.

ಅಕ್ಕಿಯೇ ಹಣವಾಗಿದ್ದ ನಾಡು

1603ರಿಂದ 1868ರವರೆಗೆ ಜಪಾನನ್ನು ತೊಕುಗಾವಾ ಮನೆತನದ ಷೋಗುನರು ಆಳಿದರು. ಆ ಕಾಲದಲ್ಲಿ ಒಂದು ಸಂಸ್ಥಾನದ ಹಿರಿಮೆಯನ್ನು ಅಳೆಯುತ್ತಿದ್ದುದು ಅದರ ಭೂಮಿ ಬೆಳೆಯಬಲ್ಲ ಅಕ್ಕಿಯಿಂದ. ‘ಕೊಕು’ ಎಂಬುದು ಅಳತೆ. ಒಂದು ಕೊಕು ಎಂದರೆ ಸುಮಾರು 150 ಕಿಲೋಗ್ರಾಂ ಅಕ್ಕಿ. ರೈತ ಕಂದಾಯವನ್ನು ಅಕ್ಕಿಯ ರೂಪದಲ್ಲಿ ಕೊಡುತ್ತಿದ್ದ. ಸಮುರಾಯ್ ಯೋಧ ಸಂಬಳವನ್ನು ಅಕ್ಕಿಯ ರೂಪದಲ್ಲಿ ಪಡೆಯುತ್ತಿದ್ದ. ಆದರೆ ಬಟ್ಟೆ, ಎಣ್ಣೆ, ಆಯುಧ, ಪ್ರಯಾಣಗಳಿಗೆ ನಾಣ್ಯವೇ ಬೇಕು. ಆದ್ದರಿಂದ ದೈಮ್ಯೋ ಎಂಬ ಸಂಸ್ಥಾನಾಧಿಪತಿಗಳು ತಮ್ಮ ಕಂದಾಯದ ಅಕ್ಕಿಯನ್ನು ಹಡಗುಗಳಲ್ಲಿ ಒಸಾಕಾ ನಗರಕ್ಕೆ ಕಳುಹಿಸಿ ಅಲ್ಲಿ ಮಾರುತ್ತಿದ್ದರು. ಆ ನಗರದ ನದಿಯ ದಂಡೆಯುದ್ದಕ್ಕೂ ಸಂಸ್ಥಾನಗಳ ಉಗ್ರಾಣಗಳು ಎದ್ದವು. ಒಸಾಕಾವನ್ನು ಜನರು ‘ನಾಡಿನ ಪಾಕಶಾಲೆ’ ಎಂದು ಕರೆದರು.

ಅಲ್ಲಿಯ ದೋಜಿಮಾ ಬಡಾವಣೆಯ ಅಕ್ಕಿಯ ಮಾರುಕಟ್ಟೆಗೆ 1730ರಲ್ಲಿ ಷೋಗುನ್ ತೊಕುಗಾವಾ ಯೋಷಿಮುನೆಯ ಅಧಿಕೃತ ಮನ್ನಣೆ ದೊರಕಿತು. ಅಕ್ಕಿಯ ಧಾರಣೆ ಕುಸಿದು ಯೋಧವರ್ಗ ಕಂಗೆಟ್ಟಿದ್ದ ಕಾಲವದು. ಬೆಲೆಯನ್ನು ಎತ್ತಿ ಹಿಡಿಯಲು ಪಟ್ಟ ಪಾಡಿನಿಂದ ಆ ಷೋಗುನನಿಗೆ ‘ಅಕ್ಕಿಯ ಷೋಗುನ್’ ಎಂಬ ಅಡ್ಡಹೆಸರೇ ಬಂದಿತ್ತು. ದೋಜಿಮಾದಲ್ಲಿ ಮೂಟೆಗಳ ಬದಲು ಉಗ್ರಾಣದ ಚೀಟಿಗಳ ಕ್ರಯವಿಕ್ರಯ ನಡೆಯುತ್ತಿತ್ತು. ಅದಲ್ಲದೆ, ಅಕ್ಕಿಯನ್ನು ಮುಟ್ಟದೆಯೇ ಮುಂದಿನ ಬೆಲೆಯ ಮೇಲೆ ಲೆಕ್ಕದ ಪುಸ್ತಕದಲ್ಲಿ ವ್ಯವಹರಿಸಿ, ಕೊನೆಗೆ ವ್ಯತ್ಯಾಸವನ್ನಷ್ಟೇ ತೀರಿಸಿಕೊಳ್ಳುವ ವಾಯಿದೆ ವ್ಯಾಪಾರವೂ ಇತ್ತು. ಸುವ್ಯವಸ್ಥಿತ ವಾಯಿದೆ ಮಾರುಕಟ್ಟೆಗಳಲ್ಲಿ ದೋಜಿಮಾ ಪ್ರಪಂಚದಲ್ಲಿಯೇ ಅತಿ ಮೊದಲಿನದೆಂದು ಅರ್ಥಶಾಸ್ತ್ರದ ಇತಿಹಾಸಕಾರರು ಗಣಿಸುತ್ತಾರೆ. ದಿನದ ವ್ಯಾಪಾರ ಮುಗಿಯುವುದನ್ನು ಹೊತ್ತಿಸಿದ ಬತ್ತಿಯ ಹಗ್ಗದಿಂದ ನಿರ್ಧರಿಸುತ್ತಿದ್ದರು. ಹಗ್ಗ ಆರಿದಾಗಿನ ಬೆಲೆಯೇ ಆ ದಿನದ ಬೆಲೆ. ಆಮೇಲೂ ಚದುರದೆ ಕೂಗಾಡುವ ವರ್ತಕರ ಮೇಲೆ ನೀರೆರಚಿ ಚದುರಿಸಲು ಬೇರೆ ಆಳುಗಳೇ ಇದ್ದರು.

ಬೆಲೆ ಓಡಿದ ದಾರಿ

ಒಸಾಕಾದ ಬೆಲೆಯನ್ನು ನೋಡಿಕೊಂಡೇ ಉಳಿದ ಊರುಗಳ ಮಾರುಕಟ್ಟೆಗಳು ತಮ್ಮ ಬೆಲೆಯನ್ನು ಕಟ್ಟುತ್ತಿದ್ದವು. ಬಿವಾ ಸರೋವರದ ದಡದ ಓತ್ಸು, ಪಶ್ಚಿಮದ ಒಕಾಯಾಮಾ, ಹಿರೋಷಿಮಾಗಳ ವರ್ತಕರು ಒಸಾಕಾದ ಸುದ್ದಿಗಾಗಿ ಕಾಯುತ್ತಿದ್ದರು. ಸುದ್ದಿಯನ್ನು ತರುತ್ತಿದ್ದವರು ಓಟದ ಅಂಚೆಯವರು. ಇತರರಿಗಿಂತ ಅರ್ಧದಿನ ಮುಂಚೆ ಬೆಲೆ ತಿಳಿದವನು ಅಗ್ಗಕ್ಕೆ ಕೊಂಡು ಲಾಭ ಮಾಡುತ್ತಿದ್ದ. ತಡವಾಗಿ ತಿಳಿದವನು ಹಳೆಯ ಬೆಲೆಗೆ ಮಾರಿ ಕೈ ಸುಟ್ಟುಕೊಳ್ಳುತ್ತಿದ್ದ. ಕಾಲಿಗಿಂತ ಕಣ್ಣು ವೇಗವಾದದ್ದು ಎಂಬ ಅರಿವು ಇಲ್ಲಿ ಪ್ರಯೋಜನಕ್ಕೆ ಬಂದಿತು. ಅಕ್ಕಿಯ ಬೆಲೆಯನ್ನು ಮೊದಲು ಬಾವುಟದಿಂದ ತಿಳಿಸಿದವನು ಕಿನೊಕುನಿಯಾ ಬುಂಜಾಯೆಮೊನ್ ಎಂಬ ಹೆಸರಾಂತ ವರ್ತಕ ಎಂದು ಐತಿಹ್ಯ ಹೇಳುತ್ತದೆ. ಹದಿನೆಂಟನೆಯ ಶತಮಾನ ಮುಗಿಯುವ ಮೊದಲೇ ಈ ಪದ್ಧತಿ ಒಸಾಕಾದ ಸುತ್ತಲೂ ಬೇರೂರಿತ್ತು.

ಒಂದು ಬೆಟ್ಟದಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 12 ಕಿಲೋಮೀಟರಿನಷ್ಟು ಅಂತರ. ಗಾಳಿ ತಿಳಿಯಾಗಿದ್ದ ಕಡೆ 20 ಕಿಲೋಮೀಟರಿಗೂ ಮಿಗಿಲು. ಪ್ರತಿ ಬೆಟ್ಟದಲ್ಲಿಯೂ ಒಂದು ದೂರದರ್ಶಕ, ಒಂದು ಬಾವುಟ ಮತ್ತು ಅದನ್ನು ಬೀಸುವ ನುರಿತ ಆಳು. ಹಿಂದೆ ಮರಗಿಡಗಳ ಕಪ್ಪು ಹಿನ್ನೆಲೆಯಿದ್ದಲ್ಲಿ ಬಿಳಿಯ ಬಾವುಟ. ಹಿಂದೆ ಬರಿಯ ಆಕಾಶವಿದ್ದಲ್ಲಿ ಕರಿಯ ಬಾವುಟ. ಬಿಸಿಲಿನ ದಿನಕ್ಕೆ ಚಿಕ್ಕದು, ಮೋಡ ಕವಿದ ದಿನಕ್ಕೆ ದೊಡ್ಡದು. ಒಂದು ಪಕ್ಕಕ್ಕೆ ಬೀಸಿದ ಎಣಿಕೆ ಹತ್ತರ ಸ್ಥಾನದ ಅಂಕಿ, ಇನ್ನೊಂದು ಪಕ್ಕಕ್ಕೆ ಬೀಸಿದ ಎಣಿಕೆ ಬಿಡಿಸ್ಥಾನದ ಅಂಕಿ. ಈ ವಿವರಗಳಲ್ಲಿ ಪ್ರಾಂತದಿಂದ ಪ್ರಾಂತಕ್ಕೆ ವ್ಯತ್ಯಾಸವಿತ್ತು. ಅಂಕಿ ಮುಗಿದ ಮೇಲೆ ಅದು ಸರಿಯೆಂದು ತಾಳೆ ನೋಡುವ ಇನ್ನೊಂದು ಸಂಕೇತ ಬರುತ್ತಿತ್ತು. ಎರಡೂ ಕೂಡಿ ಬಂದಲ್ಲಿ ಮಾತ್ರ ಅಂಕಿ ಮುಂದಿನ ಬೆಟ್ಟಕ್ಕೆ ಹೋಗಬೇಕು.

ಈ ಸರಪಳಿಯ ವೇಗ ಇಂದಿನವರನ್ನೂ ಬೆರಗುಗೊಳಿಸುವಂಥದು. ಉಳಿದುಬಂದಿರುವ ಲೆಕ್ಕಗಳಂತೆ ಒಸಾಕಾದ ಬೆಲೆ ಕ್ಯೋಟೋ ನಗರವನ್ನು ಸುಮಾರು 4 ನಿಮಿಷಗಳಲ್ಲಿ, ಒಕಾಯಾಮಾವನ್ನು 15 ನಿಮಿಷಗಳಲ್ಲಿ, ಹಿರೋಷಿಮಾವನ್ನು 40 ನಿಮಿಷಗಳ ಒಳಗೆ ತಲುಪುತ್ತಿತ್ತು. ಒಕಾಯಾಮಾಕ್ಕೆ ಬೆಟ್ಟಗಳ ಮೇಲಿನ ದಾರಿ 160 ಕಿಲೋಮೀಟರಿಗೂ ಹೆಚ್ಚು ಎಂಬುದನ್ನು ನೆನೆದರೆ, ಸುದ್ದಿಯ ವೇಗ ಗಂಟೆಗೆ 600 ಕಿಲೋಮೀಟರನ್ನು ಮೀರಿತ್ತು ಎಂದಾಗುತ್ತದೆ. ಉಗಿಬಂಡಿಯಿಲ್ಲದ, ವಿದ್ಯುತ್ತಿಲ್ಲದ ಕಾಲದಲ್ಲಿ ಬಟ್ಟೆಯ ತುಂಡು, ಗಾಜಿನ ಕಣ್ಣು ಮತ್ತು ಮನುಷ್ಯನ ತೋಳು ಇಷ್ಟನ್ನು ಸಾಧಿಸಿದವು.

ಕೋಬೆ ನಗರದ ಪಶ್ಚಿಮಕ್ಕೆ ಸುಮಾ ತೀರದ ಮೇಲೆ ಎದ್ದಿರುವ ಹತಾಫುರಿ-ಯಾಮಾ ಇವುಗಳಲ್ಲಿ ಪ್ರಸಿದ್ಧವಾದದ್ದು. ಎತ್ತರ 253 ಮೀಟರ್ ಮಾತ್ರ. ಆದರೆ ಪೂರ್ವಕ್ಕೆ ಒಸಾಕಾ ಕೊಲ್ಲಿ, ಪಶ್ಚಿಮಕ್ಕೆ ಆಕಾಶಿಯ ಕಡಲು, ಎರಡೂ ಅಲ್ಲಿಂದ ಕಾಣುತ್ತವೆ. ಸುದ್ದಿಯ ಬೆಟ್ಟಕ್ಕೆ ಬೇಕಾದದ್ದು ಎತ್ತರವಲ್ಲ, ಎರಡು ಕಡೆಗೂ ತೆರೆದ ನೋಟ. ಹ್ಯೋಗೊ, ಒಕಾಯಾಮಾ, ಕ್ಯೋಟೋ, ಶಿಗಾ, ನಾರಾ, ಮಿಯೆ ಪ್ರಾಂತಗಳಲ್ಲಿ ಇಂಥ ಬೆಟ್ಟಗಳು ಹರಡಿವೆ. ಕೆಲವಕ್ಕೆ ‘ಹತಾಯಾಮಾ’ ಎಂದರೆ ಬಾವುಟದ ಬೆಟ್ಟ ಎಂದು ಹೆಸರು. ಕೆಲವಕ್ಕೆ ‘ಸೋಬಾ-ಯಾಮಾ’ ಎಂದರೆ ಧಾರಣೆಯ ಬೆಟ್ಟ ಎಂದೇ ಹೆಸರು. ಒಕಾಯಾಮಾ ನಗರದ ಮಿಸಾವೊ ಗುಡ್ಡದಲ್ಲಿ ಒಂದು ಪುರಾತನ ಸಮಾಧಿದಿಬ್ಬವಿದೆ. ಅದರೊಳಗೆ ಮಲಗಿದವನ ಹೆಸರು ಮರೆತುಹೋಗಿದೆ. ಶತಮಾನಗಳ ತರುವಾಯ ಅಲ್ಲಿ ಬಾವುಟ ಬೀಸಿದ್ದರ ನೆನಪು ಉಳಿದು, ದಿಬ್ಬಕ್ಕೆ ‘ಬಾವುಟ ಬೀಸುವ ನೆಲೆಯ ಸಮಾಧಿ’ ಎಂಬ ಹೆಸರಾಗಿದೆ.

ನಿಷೇಧವೂ ವಂಚನೆಯೂ

ಇಂಥ ಉಪಯುಕ್ತ ಏರ್ಪಾಡನ್ನು ಆಳುವವರು ಪ್ರೋತ್ಸಾಹಿಸಿರಬಹುದೆಂದು ಭಾವಿಸುವುದು ಸಹಜ. ವಾಸ್ತವ ಬೇರೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಷೋಗುನ್ ಸರಕಾರವು ಒಸಾಕಾದ ಸುತ್ತಣ ಪ್ರಾಂತಗಳಲ್ಲಿ ಬಾವುಟದಿಂದ ಬೆಲೆ ತಿಳಿಸುವುದನ್ನು ನಿಷೇಧಿಸಿತು. ಓಟದ ಅಂಚೆಯವರ ಕಸುಬಿಗೆ ಧಕ್ಕೆ ಬರಬಾರದೆಂಬುದು ಒಂದು ಕಾರಣ. ಹೊಸ ವಿದ್ಯೆಯೊಂದು ಬಂದಾಗ ಹಳೆಯ ಕಸುಬಿನವರ ಅನ್ನದ ಪ್ರಶ್ನೆ ಏಳುವುದು ಇಂದಿನ ಮಾತು ಮಾತ್ರವಲ್ಲ. ಆದರೆ ಅಪ್ಪಣೆಯಿಂದ ಬಾವುಟ ನಿಲ್ಲಲಿಲ್ಲ. ಷೋಗುನರ ಆಳ್ವಿಕೆಯ ಕೊನೆಯ ವರ್ಷಗಳವರೆಗೂ ನಿಷೇಧ ಕಾಗದದ ಮೇಲಿತ್ತು. ಬಾವುಟ ಬೆಟ್ಟದ ಮೇಲಿತ್ತು.

ಇನ್ನೊಂದು ತೊಡಕೆಂದರೆ, ಬಯಲಿನಲ್ಲಿ ಬೀಸಿದ ಬಾವುಟವನ್ನು ಯಾರು ಬೇಕಾದರೂ ನೋಡಬಹುದು. ಹಣ ಕೊಡದೆಯೇ ಬೆಲೆಯನ್ನು ಕದ್ದು ಓದುವವರಿದ್ದರು. ಆದ್ದರಿಂದ ಬೀಸಿದ ಅಂಕಿಯಿಂದ ಇಷ್ಟನ್ನು ಕಳೆಯಬೇಕು ಅಥವಾ ಇಷ್ಟನ್ನು ಕೂಡಬೇಕು ಎಂಬ ಗುಟ್ಟಿನ ಒಪ್ಪಂದಗಳನ್ನು ಮಾಡಿಕೊಂಡು, ಅವನ್ನು ಆಗಾಗ ಬದಲಾಯಿಸುತ್ತಿದ್ದರು. ಹೀಗೆ ಎಲ್ಲರ ಕಣ್ಣೆದುರಿಗೇ ಹಾದುಹೋಗುತ್ತಿದ್ದ ಸುದ್ದಿ ಕೆಲವರಿಗೆ ಮಾತ್ರ ಸುದ್ದಿಯಾಗುತ್ತಿತ್ತು.

ಸುದ್ದಿ ಸಾಗಿಸುವವನೇ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸಿನ ಉದಾಹರಣೆಯನ್ನು ನೋಡಬಹುದು. ಅಲ್ಲಿ ಕ್ಲೋದ್ ಷಾಪ್ ಎಂಬ ಮೇಧಾವಿ, ಗೋಪುರದ ಮೇಲೆ ಚಲಿಸುವ ಮರದ ತೋಳುಗಳನ್ನು ನಿಲ್ಲಿಸಿ 1794ರಲ್ಲಿ ಪ್ಯಾರಿಸಿನಿಂದ ಲಿಲ್ ನಗರದವರೆಗೆ ಸಂಕೇತದ ಸಾಲನ್ನು ಸ್ಥಾಪಿಸಿದ. ಅದಕ್ಕೆ ‘ದೂರಲೇಖನ’ವೆಂಬ ಅರ್ಥದ ಟೆಲಿಗ್ರಾಫ್ ಎಂಬ ಹೆಸರಾಯಿತು. ವಿದ್ಯುತ್ತಿನ ತಂತಿಗೆ ಬರುವ ಮುನ್ನ ಆ ಪದ ಬೆಟ್ಟದ ಮೇಲಿನ ಗೋಪುರಕ್ಕೆ ಸಲ್ಲುತ್ತಿತ್ತು. ಆಲ್ಪ್ಸ್ ಪರ್ವತದ 1,566 ಮೀಟರ್ ಎತ್ತರದ ಒಂದು ಕಣಿವೆದಾರಿಗೆ ಇಂದಿಗೂ ‘ಟೆಲಿಗ್ರಾಫ್ ಕಣಿವೆ’ ಎಂದೇ ಹೆಸರು. ಈ ಗೋಪುರಗಳ ಸಾಲು ಸರಕಾರದ ಸೊತ್ತು, ವರ್ತಕರಿಗೆ ಪ್ರವೇಶವಿರಲಿಲ್ಲ. ಆದರೆ 1834ರಿಂದ 1836ರವರೆಗೆ ಬೋರ್ದೊ ನಗರದ ಬ್ಲಾಂಕ್ ಸೋದರರು ನಡುವಣ ಠಾಣೆಯ ನೌಕರನಿಗೆ ಲಂಚ ಕೊಟ್ಟು, ಸರಕಾರಿ ಸಂದೇಶದ ನಡುವೆ ತಪ್ಪು ಸಂಕೇತವೊಂದನ್ನು ಸೇರಿಸಿ ಮರುಗಳಿಗೆಯಲ್ಲಿ ತಿದ್ದಿಸುತ್ತಿದ್ದರು. ಆ ‘ತಪ್ಪು’ ಪ್ಯಾರಿಸಿನ ಸಾಲಪತ್ರಗಳ ಬೆಲೆ ಏರಿತೋ ಇಳಿಯಿತೋ ಎಂಬುದನ್ನು ಅವರಿಗೆ ಮುಂಚಿತವಾಗಿ ತಿಳಿಸುತ್ತಿತ್ತು. ಎರಡು ವರ್ಷ ನಡೆದ ಈ ವಂಚನೆಗೆ ಸಾಕಾದದ್ದು ಸಾಲಿನ ನಡುವಿನ ಒಬ್ಬನ ಕೈ. ಉಳಿದವರೆಲ್ಲರೂ ತಾವು ಕಂಡದ್ದನ್ನು ಕಂಡಂತೆಯೇ ದಾಟಿಸಿ, ಅರಿಯದೆಯೇ ಆ ವಂಚನೆಯನ್ನು ಹೊತ್ತರು.

ಬಂದರಿನ ಬೆಟ್ಟಗಳು

ಕಡಲ ದಾರಿಯ ವ್ಯಾಪಾರವೂ ಬೆಟ್ಟಗಳಿಗೆ ಹೆಸರು ಕೊಟ್ಟಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ‘ಟೆಲಿಗ್ರಾಫ್ ಹಿಲ್’ ಮೇಲೆ, ಚಿನ್ನದ ಹಂಬಲದಿಂದ ಜನ ನುಗ್ಗುತ್ತಿದ್ದ 1850ರ ಹೊತ್ತಿಗೆ, ಬರುವ ಹಡಗು ಎಂಥದೆಂದು ಊರಿಗೆ ಸಾರುವ ಮರದ ತೋಳುಗಳು ನಿಂತಿದ್ದವು. ಹಡಗಿನ ಬಗೆಯಿಂದ ಸರಕನ್ನು, ಸರಕಿನಿಂದ ಪೇಟೆಯ ಬೆಲೆಯನ್ನು ವರ್ತಕರು ಊಹಿಸುತ್ತಿದ್ದರು. ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದ ‘ಸಿಗ್ನಲ್ ಹಿಲ್’ ಬಾವುಟಗಳ ಮೂಲಕ ಹಡಗುಗಳೊಡನೆ ಮಾತನಾಡುತ್ತಿತ್ತು.

ಕನ್ನಡ ನಾಡಿನ ಕರಾವಳಿಯಲ್ಲಿಯೂ ಬಾವುಟದ ಹೆಸರನ್ನು ಹೊತ್ತ ಗುಡ್ಡವೊಂದಿದೆ. ಮಂಗಳೂರಿನ ನಡುವಣ ‘ಬಾವುಟಗುಡ್ಡ’ಕ್ಕೆ ‘ಲೈಟ್‌ಹೌಸ್ ಹಿಲ್’ ಎಂದೂ ಹೆಸರು. ಕಡಲಿನತ್ತ ನೋಟ ತೆರೆದ ಅಲ್ಲಿ ಹಳೆಯ ದೀಪಸ್ತಂಭ ನಿಂತಿದೆ. 1837ರ ಏಪ್ರಿಲ್ ತಿಂಗಳಲ್ಲಿ ಸುಳ್ಯದ ಕಡೆಯಿಂದ ಬಂದ ರೈತ ಹೋರಾಟಗಾರರು ಮಂಗಳೂರನ್ನು ವಶಪಡಿಸಿಕೊಂಡು ಈ ಗುಡ್ಡದ ಮೇಲೆ ತಮ್ಮ ಬಾವುಟವನ್ನು ಏರಿಸಿದರೆಂದು ಆ ಸೀಮೆಯ ಜನ ನೆನೆಯುತ್ತಾರೆ. ಅದರ ಸ್ಮರಣೆಗಾಗಿ ಹೋರಾಟದ ನಾಯಕರಲ್ಲೊಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಅಲ್ಲಿ ಅನಾವರಣಗೊಂಡಿತು. ಹಡಗಿಗೆ ದಾರಿ ತೋರಿದ ಗುಡ್ಡವೇ ನಾಡಿಗೆ ಬಂಡಾಯದ ಸುದ್ದಿಯನ್ನೂ ಸಾರಿತು.

1918ರ ವರ್ಷ

1868ರ ತರುವಾಯ ಜಪಾನಿನಲ್ಲಿ ಹೊಸ ಯುಗ ಆರಂಭವಾಯಿತು. 1870ರಲ್ಲಿ ಒಸಾಕಾ ಮತ್ತು ಕೋಬೆಗಳ ನಡುವೆ ವಿದ್ಯುತ್ ತಂತಿ ಬಂದಿತು. ಮುಂದೆ ದೂರವಾಣಿಯೂ ಬಂದಿತು. ಆದರೂ ಬಾವುಟಗಳು ಒಡನೆಯೇ ಮೂಲೆ ಸೇರಲಿಲ್ಲ. ತಂತಿಗೆ ವೆಚ್ಚ ಹೆಚ್ಚು, ದೂರವಾಣಿಯ ಸಂಪರ್ಕಕ್ಕೆ ಕಾಯಬೇಕು, ಬಾವುಟವೋ ಕಾಯಿಸುತ್ತಿರಲಿಲ್ಲ. ನಿಷೇಧವೂ ತೊಲಗಿದ್ದರಿಂದ ಈ ಕಸುಬು ಆಗಲೇ ಹೆಚ್ಚು ಹುಲುಸಾಯಿತು. ಕಟ್ಟಕಡೆಗೆ ದೂರವಾಣಿ ಸುಲಭವಾದಾಗ, 1918ರಲ್ಲಿ, ಬೆಟ್ಟಗಳ ಮೇಲಿನ ಬಾವುಟಗಳು ನಿಂತವು.

ಅದೇ 1918ರಲ್ಲಿ ಜಪಾನು ಇನ್ನೊಂದು ಕಾರಣಕ್ಕಾಗಿ ಅಕ್ಕಿಯ ಧಾರಣೆಯನ್ನು ನೆನೆಯುತ್ತದೆ. ಮಹಾಯುದ್ಧದ ಕೊನೆಯ ಆ ವರ್ಷ ಅಕ್ಕಿಯ ಬೆಲೆ ಮಿತಿಮೀರಿ ಏರಿತು. ಜುಲೈ ತಿಂಗಳಲ್ಲಿ ತೊಯಾಮಾ ಪ್ರಾಂತದ ಉವೊಜು ಬಂದರಿನಲ್ಲಿ ಬೆಸ್ತರ ಹೆಂಗಸರು, ತಮ್ಮೂರಿನ ಅಕ್ಕಿ ಹಡಗನ್ನೇರಿ ಹೊರಗೆ ಹೋಗುವುದನ್ನು ತಡೆಯಲು ಮುಂದಾದರು. ಆ ಕಿಡಿ ದೇಶವ್ಯಾಪಿಯಾದ ಅಕ್ಕಿಯ ದಂಗೆಯಾಯಿತು. ಆಗಸ್ಟಿನಲ್ಲಿ, ಹತಾಫುರಿ-ಯಾಮಾ ಇರುವ ಕೋಬೆ ನಗರದಲ್ಲಿಯೇ, ಅಕ್ಕಿಯನ್ನು ಬಚ್ಚಿಟ್ಟಿದೆಯೆಂಬ ಆರೋಪಕ್ಕೆ ಗುರಿಯಾದ ದೊಡ್ಡ ವ್ಯಾಪಾರ ಸಂಸ್ಥೆಯೊಂದರ ಕಚೇರಿಯನ್ನು ಜನ ಸುಟ್ಟರು. ಸೆಪ್ಟೆಂಬರಿನಲ್ಲಿ ಪ್ರಧಾನಮಂತ್ರಿ ತೆರಾವುಚಿ ರಾಜೀನಾಮೆ ಕೊಟ್ಟ. ದೋಜಿಮಾ ಮಾರುಕಟ್ಟೆಯೂ 1939ರಲ್ಲಿ, ಅಕ್ಕಿಯ ಹಂಚಿಕೆ ಸರಕಾರದ ನಿಯಂತ್ರಣಕ್ಕೆ ಬಂದಾಗ, ಮುಚ್ಚಿತು.

ಈ ಎರಡು ಘಟನೆಗಳು ಒಂದೇ ವರ್ಷದಲ್ಲಿ ಬಂದುದು ಆಕಸ್ಮಿಕ. ಆದರೂ ಅವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸತ್ಯ ಹೊಳೆಯುತ್ತದೆ. ಬಾವುಟಗಳು ಬೆಲೆಯ ಸುದ್ದಿಯನ್ನು ವರ್ತಕನಿಂದ ವರ್ತಕನಿಗೆ ಒಯ್ದವು. ಆ ಸುದ್ದಿ ಹಾದುಹೋದದ್ದು ಗದ್ದೆಗಳ ಮೇಲಿನಿಂದಲೇ. ಮಂಡಿಯವರೆಗೆ ಕೆಸರಿನಲ್ಲಿ ನಿಂತು ನಾಟಿ ಮಾಡುತ್ತಿದ್ದ ರೈತ ತಲೆಯೆತ್ತಿದರೆ ಅವನಿಗೂ ಬಾವುಟ ಕಾಣುತ್ತಿತ್ತು. ಆದರೆ ಅದರ ಅರ್ಥ ಅವನದಾಗಿರಲಿಲ್ಲ. ತಾನು ಬೆಳೆದ ಅಕ್ಕಿಯ ಬೆಲೆಯನ್ನು ತನ್ನ ತಲೆಯ ಮೇಲೆಯೇ ಸಾರುತ್ತಿದ್ದರೂ ಓದಲಾರದವನಾಗಿದ್ದ. ಸುದ್ದಿಯ ವೇಗ ಹೆಚ್ಚಿದ ಮಾತ್ರಕ್ಕೆ ನ್ಯಾಯದ ವೇಗ ಹೆಚ್ಚುವುದಿಲ್ಲ. ಸಂಕೇತದ ಕೀಲಿ ಎಷ್ಟು ಜನರ ಕೈಯಲ್ಲಿದೆ ಎಂಬುದೇ ಮುಖ್ಯ.

ಉಳಿದ ಹೆಸರು, ಉಳಿದ ಪಾಠ

1981ರಲ್ಲಿ ಹಳೆಯ ಬೆಟ್ಟಗಳ ಮೇಲೆ ಮತ್ತೆ ಬಾವುಟ ಬೀಸಿ ಒಸಾಕಾದಿಂದ ಒಕಾಯಾಮಾಕ್ಕೆ ಸುದ್ದಿ ಕಳುಹಿಸುವ ಪ್ರಯೋಗವೊಂದು ನಡೆಯಿತು. ಹಿಂದಿನವರಿಗೆ 15 ನಿಮಿಷ ಹಿಡಿಯುತ್ತಿದ್ದ ಕೆಲಸಕ್ಕೆ 2 ಗಂಟೆ 17 ನಿಮಿಷ ಹಿಡಿಯಿತು. ಕಾರ್ಖಾನೆ, ವಾಹನಗಳ ಹೊಗೆಯಿಂದ ಗಾಳಿ ಮಬ್ಬಾಗಿ ನೋಟ ಕುಗ್ಗಿತ್ತು. ಬೀಸುವ ಕೈಗಳಿಗೂ ಹಳಬರ ಪಳಗಿಕೆ ಇರಲಿಲ್ಲ. ಉಪಕರಣಗಳು ಅವೇ, ಬೆಟ್ಟಗಳೂ ಅವೇ. ತಲೆಮಾರಿನಿಂದ ತಲೆಮಾರಿಗೆ ಸಾಗಬೇಕಾಗಿದ್ದ ಅಭ್ಯಾಸ ಮಾತ್ರ ನಡುವೆ ತುಂಡಾಗಿತ್ತು. ಇಂದು ಸುಮಾದ ಹತಾಫುರಿ-ಯಾಮಾದ ಮೇಲೆ ಚಹಾದಂಗಡಿಯಿದೆ. ಚಾರಣಿಗರು ಬಂದು ಕಡಲನ್ನು ನೋಡಿ ಇಳಿಯುತ್ತಾರೆ.

ವಿದ್ಯಾಲಯವೊಂದರ ಬದುಕಿಗೂ ಈ ಬೆಟ್ಟಗಳ ಬದುಕಿಗೂ ಸಾಮ್ಯವಿದೆ. ಹಿಂದಿನ ಬೆಟ್ಟ ಹೇಳಿದ್ದನ್ನು ಕಣ್ಣಿಟ್ಟು ನೋಡುವುದು, ಸರಿಯೇ ಎಂದು ತಾಳೆ ಹಾಕುವುದು, ಕೂಡಿಸದೆ ಕಳೆಯದೆ ಮುಂದಿನ ಬೆಟ್ಟಕ್ಕೆ ಒಪ್ಪಿಸುವುದು ಗುರುವಿನ ಕರ್ತವ್ಯವೂ ಹೌದು. ಕೊರಿಯಾದ ಕಾವಲುಗಾರನಂತೆ, ಏನೂ ನಡೆಯದ ದಿನವೂ ಅವನು ಒಂದು ದೀಪವನ್ನು ಹಚ್ಚಲೇಬೇಕು. ಆದರೆ ದೋಜಿಮಾದ ಬಾವುಟಕ್ಕಿಂತ ಶಾಲೆಯ ಕೆಲಸ ಒಂದು ಹೆಜ್ಜೆ ಮುಂದಿನದು. ಆ ಬಾವುಟ ಅರ್ಥವನ್ನು ಕೆಲವರಿಗಷ್ಟೇ ಕಾಯ್ದಿಟ್ಟಿತು. ಶಾಲೆ ಅರ್ಥದ ಕೀಲಿಯನ್ನು ಗದ್ದೆಯಲ್ಲಿ ನಿಂತವನ ಮಗುವಿನ ಕೈಗೇ ಕೊಡುತ್ತದೆ. ಅಕ್ಷರ ಬಲ್ಲ ಆ ಮಗು ತಲೆಯೆತ್ತಿ ನೋಡಿದ ದಿನ, ಬೆಟ್ಟದ ಮೇಲೆ ಬೀಸುವ ಬಾವುಟ ಅದಕ್ಕೂ ಸುದ್ದಿ ಹೇಳುತ್ತದೆ.